ಗಾಢ ಕಂಠದ ಟೆನರ್‌ನನ್ನು ಕೇಳುವ ಬಗೆ: ಯೋನಾಸ್ ಕೌಫ್‌ಮನ್ ಅವರ ವೆರಿಸ್ಮೊ ಆಲ್ಬಮ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಒಪೆರಾ ಗಾಯಕರ ಆರಿಯಾ ಸಂಗ್ರಹವನ್ನು ಕೇಳಲು ಕುಳಿತವರಲ್ಲಿ ಅನೇಕರ ಗಮನ ಮೂರನೆಯ ಹಾಡಿನ ಹೊತ್ತಿಗೆ ಚದುರಿಹೋಗುತ್ತದೆ. ತಪ್ಪು ಅವರದಲ್ಲ. ಒಪೆರಾ ಎಂದರೆ ಹಾಡಿನಲ್ಲೇ ನಡೆಯುವ ನಾಟಕ. ಆರಿಯಾ ಎಂಬುದು ಅಂಥ ಎರಡು ಮೂರು ಗಂಟೆಯ ನಾಟಕದಿಂದ ಕಿತ್ತು ತಂದ ನಾಲ್ಕು ನಿಮಿಷದ ತುಣುಕು. ಅದರ ಹಿಂದೆ ಯಾರೋ ಮೋಸ ಹೋಗಿರುತ್ತಾರೆ, ಮುಂದೆ ಯಾರೋ ಸಾಯಲಿರುತ್ತಾರೆ. ನಮಗೆ ಎರಡೂ ಗೊತ್ತಿರುವುದಿಲ್ಲ. ಒಂದು ಡಜನ್ ಪಾತ್ರಗಳು ಒಂದೇ ಕಂಠದಲ್ಲಿ ಒಂದರ ಹಿಂದೊಂದರಂತೆ ಬಂದು ಅತ್ತು ಹೋದರೆ ಯಾರಿಗಾದರೂ ಬೇಸರ ಬರುತ್ತದೆ.

ಆದ್ದರಿಂದ ಇಲ್ಲಿ ಒಂದೇ ಒಂದು ಆಲ್ಬಮ್ಮನ್ನು ಹಿಡಿದು ಹೊರಡೋಣ: ಜರ್ಮನ್ ಟೆನರ್ (ಎತ್ತರದ ಪುರುಷ ಕಂಠದ ಗಾಯಕ) ಯೋನಾಸ್ ಕೌಫ್‌ಮನ್ ಅವರ 'ವೆರಿಸ್ಮೊ ಆರಿಯಾಸ್'. ವೆರಿಸ್ಮೊ ಎಂದರೆ ಇಟಲಿಯ ಒಪೆರಾದ ವಾಸ್ತವವಾದಿ ಪಂಥ. 2010ರಲ್ಲಿ ಡೆಕ್ಕಾ ಕಂಪನಿ ಹೊರತಂದದ್ದು. ಆರ್ಕೆಸ್ಟ್ರಾ ರೋಮ್ ನಗರದ ಸಾಂತಾ ಚೆಚಿಲಿಯಾ ಅಕಾಡೆಮಿಯದು, ನಿರ್ದೇಶಕ ಆಂಟೋನಿಯೊ ಪಪ್ಪಾನೊ. ಕೌಫ್‌ಮನ್ ಅವರ ಮೊದಲ ಪರಿಚಯಕ್ಕೆ ಅನೇಕರು ಪುಚ್ಚೀನಿ ಅಥವಾ ವಾಗ್ನರ್ ಎಂಬ ರಚನಕಾರರ ಹಾಡುಗಳಿರುವ ಅವರ ಆಲ್ಬಮ್ಮನ್ನು ಸೂಚಿಸುತ್ತಾರೆ. ನಾನು ಇದನ್ನೇ ಸೂಚಿಸುವುದಕ್ಕೆ ಕಾರಣವಿದೆ. ಆ ಕಂಠದ ಬಲ, ಅದರ ಮಿತಿ ಎರಡೂ ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಮುಂದಿನ ಎಲ್ಲ ಹೆಜ್ಜೆಗಳಿಗೂ ಒಂದೇ ಪ್ರಶ್ನೆ ಸಾಕು. ಕಂಠ ಗಾಢವಾಗಿದೆ ಎಂದು ಮೆಚ್ಚಿ ಸುಮ್ಮನಾಗಬೇಡಿ. ಆ ಗಾಢತೆಯಿಂದ ಈ ಪಾತ್ರಕ್ಕೆ ಏನು ಸಿಕ್ಕಿತು ಎಂದು ಪ್ರತಿ ಹಾಡಿನಲ್ಲೂ ಕೇಳಿಕೊಳ್ಳಿ. ಕೆಲವು ಕಡೆ ಬಹಳ ಸಿಗುತ್ತದೆ. ಕೆಲವು ಕಡೆ ಪಾತ್ರಕ್ಕೆ ನಷ್ಟವೇ ಆಗುತ್ತದೆ.

ಮೊದಲು, ಕೇಳುವ ಏರ್ಪಾಡು

ಇದಕ್ಕೆ ದುಬಾರಿ ಉಪಕರಣ ಬೇಡ, ನಿಶ್ಶಬ್ದ ಬೇಕು. ಕೌಫ್‌ಮನ್ ಅವರ ಕಲೆಯ ಅರ್ಧ ಭಾಗ ಮೆಲುದನಿಯಲ್ಲಿದೆ. ಬಸ್ಸಿನಲ್ಲೋ ಅಡುಗೆಮನೆಯ ಮಿಕ್ಸಿಯ ಪಕ್ಕದಲ್ಲೋ ಕೇಳಿದರೆ ಆ ಅರ್ಧ ಸಿಕ್ಕುವುದೇ ಇಲ್ಲ. ಸಾಧಾರಣ ಹೆಡ್‌ಫೋನ್ ಸಾಕು. ಮೊಬೈಲ್ ಆ್ಯಪ್‌ನಲ್ಲಿ ಕೇಳುವುದಾದರೆ ಎರಡು ಆಯ್ಕೆಗಳನ್ನು ಬಂದ್ ಮಾಡಿ: ಹಾಡುಗಳನ್ನು ಕಲಸಿ ನುಡಿಸುವ ಷಫಲ್, ಮತ್ತು ಹಾಡಿನಿಂದ ಹಾಡಿಗೆ ಧ್ವನಿಮಟ್ಟವನ್ನು ಸಮ ಮಾಡುವ ಸೌಲಭ್ಯ. ಅತಿ ಮೆಲ್ಲಗೆ ಹಾಡಿದ್ದು ಮೆಲ್ಲಗೇ ಕೇಳಿಸಬೇಕು.

ಇನ್ನೊಂದು ನಿಯಮ: ಇಡೀ ಆಲ್ಬಮ್ಮನ್ನು ಒಂದೇ ಪಟ್ಟಿಗೆ ಕೇಳಬೇಡಿ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಆರಿಯಾ. ಆಲ್ಬಮ್ಮಿನ ಕ್ರಮವನ್ನೂ ಪಾಲಿಸಬೇಕಿಲ್ಲ. ನಾನು ಇಲ್ಲಿ ಕೊಡುವ ಕ್ರಮ ಬೇರೆಯೇ.

ಗಾಢ ಕಂಠ ಎಂದರೆ ಏನು

ಪುರುಷ ಕಂಠಗಳಲ್ಲಿ ಬಾಸ್ ಕೆಳಗಿನದು, ಬ್ಯಾರಿಟೋನ್ ನಡುವಿನದು, ಟೆನರ್ ಮೇಲಿನದು ಎಂಬುದು ಪಾಠಪುಸ್ತಕದ ವಿಂಗಡಣೆ. ಆದರೆ ಎಷ್ಟು ಎತ್ತರಕ್ಕೆ ಹಾಡಬಲ್ಲರು ಎಂಬುದು ಒಂದು ಸಂಗತಿ, ನಾದದ ಬಣ್ಣ ಯಾವುದು ಎಂಬುದು ಇನ್ನೊಂದು. ನಮ್ಮ ಗಾಯಕರ ವಿಷಯದಲ್ಲಿ ಶಾರೀರ ಎಂದು ನಾವು ಹೇಳುವುದು ಈ ಎರಡನೆಯದನ್ನು. ಎತ್ತರ ಟೆನರ್‌ನದು, ಶಾರೀರ ಬ್ಯಾರಿಟೋನ್‌ನದು, ಹೀಗೆ ಎರಡೂ ಒಂದೇ ಗಂಟಲಿನಲ್ಲಿ ಕೂಡಿದಾಗ ಗಾಢ ಟೆನರ್ ಹುಟ್ಟುತ್ತಾನೆ. ಇಂಥವರಲ್ಲಿ ಹಲವರು ನಿಜವಾಗಿಯೂ ಬ್ಯಾರಿಟೋನ್ ಆಗಿ ಆರಂಭಿಸಿದವರು. ಡೆನ್ಮಾರ್ಕಿನ ಲೌರಿಟ್ಸ್ ಮೆಲ್ಕಿಯೊರ್ 1913ರಲ್ಲಿ ಬ್ಯಾರಿಟೋನ್ ಆಗಿ ರಂಗಕ್ಕೆ ಬಂದು 1918ರಲ್ಲಿ ಟೆನರ್ ಆದರು. ಚಿಲಿ ದೇಶದ ರಾಮೋನ್ ವಿನಾಯ್ ಬ್ಯಾರಿಟೋನ್‌ನಿಂದ ಟೆನರ್‌ಗೆ ಹೋಗಿ, ಕೊನೆಗೆ ಮತ್ತೆ ಬ್ಯಾರಿಟೋನ್‌ಗೆ ಮರಳಿದರು. ಪ್ಲಾಸಿದೊ ಡೊಮಿಂಗೊ ಅವರ ಹಾದಿಯೂ ಅದೇ.

ಕೌಫ್‌ಮನ್ ಅವರ ಕಥೆ ಸ್ವಲ್ಪ ಬೇರೆ. 1969ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಅವರು ಮೊದಲಿನಿಂದಲೂ ಟೆನರ್. 1994ರಲ್ಲಿ ಸಾರ್‌ಬ್ರುಕೆನ್ ನಗರದ ರಂಗಮಂದಿರದಲ್ಲಿ ಕೆಲಸಕ್ಕೆ ಸೇರಿದಾಗ, ಜರ್ಮನ್ ಟೆನರ್ ಎಂದರೆ ಹೀಗಿರಬೇಕು ಎಂಬ ತೆಳು, ಹಗುರ ದನಿಯಲ್ಲಿ ಹಾಡುತ್ತಿದ್ದರು. ಗಂಟಲು ಕೈಕೊಟ್ಟಿತು. ಆಗ ಅಮೆರಿಕದ ಬ್ಯಾರಿಟೋನ್ ಮೈಕಲ್ ರೋಡ್ಸ್ ಎಂಬ ಶಿಕ್ಷಕರ ಬಳಿ ಹೋಗಿ, ದನಿಯನ್ನು ಬಿಗಿ ಹಿಡಿಯದೆ ಸಹಜವಾಗಿ ಬಿಡುವುದನ್ನು ಕಲಿತರು. ಬಿಟ್ಟಾಗ ಹೊರಬಂದದ್ದು ಈ ಗಾಢ ನಾದ. ಆಲ್ಬಮ್ ಕೇಳುವಾಗ ಇದು ನೆನಪಿನಲ್ಲಿರಲಿ. ಬಣ್ಣವನ್ನು ಬೇಕೆಂದೇ ಬಳಿದುಕೊಂಡಿದ್ದಾರೆ ಎಂಬ ಆರೋಪ ಅವರ ಮೇಲೆ ಆಗಾಗ ಬರುತ್ತದೆ.

ಶರೀರಶಾಸ್ತ್ರದ ಕಡೆಯಿಂದ ಹೇಳುವುದಾದರೆ, ಹಾಡುವಾಗ ಧ್ವನಿಪೆಟ್ಟಿಗೆ ಕೆಳಗಿಳಿದು ನಿಂತರೆ ಅದರಿಂದ ತುಟಿಯವರೆಗಿನ ಕೊಳವೆ ಉದ್ದವಾಗುತ್ತದೆ. ಕೊಳವೆ ಉದ್ದವಾದಷ್ಟೂ ಅದರ ಅನುರಣನಗಳು ಕೆಳಗಿಳಿದು ನಾದ ಗಾಢವಾಗುತ್ತದೆ. ಆದರೆ ಬರೀ ಗಾಢವಾದರೆ ಆರ್ಕೆಸ್ಟ್ರಾದ ಸದ್ದಿನಲ್ಲಿ ದನಿ ಮುಳುಗಿಹೋಗುತ್ತದೆ. ಆರ್ಕೆಸ್ಟ್ರಾದ ಶಕ್ತಿ ಸುಮಾರು 500 ಹರ್ಟ್ಸ್ ಆಸುಪಾಸಿನಲ್ಲಿ ಹೆಚ್ಚು, ಅಲ್ಲಿಂದ ಮೇಲೆ ಕಡಿಮೆಯಾಗುತ್ತ ಹೋಗುತ್ತದೆ. ಪಳಗಿದ ಒಪೆರಾ ಗಾಯಕರ ದನಿಯಲ್ಲಿ 3000 ಹರ್ಟ್ಸ್ ಸುತ್ತ ಒಂದು ವಿಶೇಷ ಉಬ್ಬು ಇರುತ್ತದೆ. ಮೈಕ್ ಇಲ್ಲದೆ ಆರ್ಕೆಸ್ಟ್ರಾವನ್ನು ದಾಟಿ ಕಡೆಯ ಸಾಲಿನ ಪ್ರೇಕ್ಷಕನನ್ನು ಮುಟ್ಟುವುದು ಅದು. ತಳದಲ್ಲಿ ಕತ್ತಲು, ತುದಿಯಲ್ಲಿ ಮೊನಚಾದ ಬೆಳಕು. ಇಟಲಿಯ ಗಾಯನ ಶಿಕ್ಷಕರು ಶತಮಾನಗಳಿಂದ ಶಿಷ್ಯರಿಗೆ ಹೇಳಿಕೊಂಡು ಬಂದ ಆದರ್ಶ ಈ ಎರಡರ ಕೂಡಿಕೆಯೇ.

ಒಂದು ಎಚ್ಚರಿಕೆ. ಆಲ್ಬಮ್ ಕೇಳಿ 'ಎಷ್ಟು ದೊಡ್ಡ ಕಂಠ' ಎನ್ನಲು ಹೋಗಬೇಡಿ. ಸ್ಟುಡಿಯೊದಲ್ಲಿ ಮೈಕ್ ಹತ್ತಿರವಿರುತ್ತದೆ, ಗಾಯಕ ಮತ್ತು ಆರ್ಕೆಸ್ಟ್ರಾಗಳ ಪ್ರಮಾಣವನ್ನು ಧ್ವನಿಮುದ್ರಣ ಎಂಜಿನಿಯರ್ ನಿರ್ಧರಿಸುತ್ತಾರೆ. ಬಣ್ಣವನ್ನು, ಉಸಿರನ್ನು, ಉಚ್ಚಾರವನ್ನು ಆಲ್ಬಮ್ ಹೇಳಬಲ್ಲದು, ಗಾತ್ರವನ್ನು ಹೇಳಲಾರದು.

ಕರ್ನಾಟಕ ಅಥವಾ ಹಿಂದೂಸ್ತಾನಿ ಸಂಗೀತಕ್ಕೆ ಒಗ್ಗಿದ ಕಿವಿಗೆ ಇಲ್ಲಿ ಮೊದಲು ಅಡ್ಡಬರುವುದು ಗಾಢತೆಯಲ್ಲ, ಕಂಪನ. ಒಪೆರಾ ಗಾಯಕರ ಉದ್ದನೆಯ ಸ್ವರಗಳೆಲ್ಲ ಸೆಕೆಂಡಿಗೆ ಐದಾರು ಬಾರಿ ನಡುಗುತ್ತವೆ. ನಮಗೆ ಅದು ಶ್ರುತಿ ನಿಲ್ಲದವರ ಲಕ್ಷಣದಂತೆ ಕೇಳಿಸುತ್ತದೆ. ಅದನ್ನು ಗಮಕದೊಂದಿಗೆ ಹೋಲಿಸಿದರೆ ದಾರಿ ತಪ್ಪುತ್ತೇವೆ. ಗಮಕ ರಾಗದ ಅರ್ಥವನ್ನು ಹೊತ್ತಿರುತ್ತದೆ. ಈ ಕಂಪನ ದನಿಯ ಆರೋಗ್ಯದ ಗುರುತು, ನಾದದ ಮೈಯಲ್ಲೇ ಸೇರಿದ್ದು. ನಾಲ್ಕೈದು ದಿನ ಕೇಳಿದರೆ ಕಿವಿ ಅದನ್ನು ತಾನಾಗಿ ಹಿನ್ನೆಲೆಗೆ ಸರಿಸುತ್ತದೆ.

ಈ ಹಾಡುಗಳು ಎಲ್ಲಿಂದ ಬಂದವು

1890ರ ಮೇ 17ರಂದು ರೋಮ್‌ನಲ್ಲಿ ಮಸ್ಕಾನಿ ರಚಿಸಿದ 'ಕವಾಲ್ಲೆರಿಯಾ ರುಸ್ತಿಕಾನಾ' ರಂಗಕ್ಕೆ ಬಂತು. ಸಿಸಿಲಿಯ ಹಳ್ಳಿಯೊಂದರ ಹಾದರ, ಅಸೂಯೆ, ಚೂರಿ ಕಾಳಗ, ಎಲ್ಲವೂ ಒಂದೇ ಅಂಕದಲ್ಲಿ. ಎರಡು ವರ್ಷದ ನಂತರ ಮಿಲಾನ್‌ನಲ್ಲಿ ಲಿಯೊನ್‌ಕವಾಲ್ಲೊ ರಚಿಸಿದ 'ಪಲ್ಯಾಚ್ಚಿ' ಬಂತು. ನ್ಯಾಯಾಧೀಶರಾಗಿದ್ದ ತನ್ನ ತಂದೆ ವಿಚಾರಿಸಿದ ಕೊಲೆ ಪ್ರಕರಣವೇ ಅದರ ಮೂಲ ಎಂದು ಆತ ಹೇಳಿಕೊಂಡಿದ್ದ. ರಾಜರಾಣಿಯರ ಜಾಗಕ್ಕೆ ಗಾಡಿ ಹೊಡೆಯುವವರು, ಊರೂರು ತಿರುಗುವ ನಾಟಕದವರು ಬಂದರು. ವೆರಿಸ್ಮೊ ಎಂದು ಈ ಪಂಥಕ್ಕೆ ಹೆಸರಾಯಿತು.

ಆಲ್ಬಮ್ಮಿನ ಹೆಸರನ್ನು ಮಾತ್ರ ತುಂಬ ನಂಬಬೇಡಿ. ಪೊಂಕಿಯೆಲ್ಲಿಯ 'ಲಾ ಜ್ಯೊಕೊಂಡಾ' 1876ರದು, ವೆರಿಸ್ಮೊ ಹುಟ್ಟುವ ಮೊದಲಿನದು. ಬೊಯಿತೊನ 'ಮೆಫಿಸ್ತೊಫೆಲೆ' ಇನ್ನೂ ಹಳೆಯದು, ಅದರಲ್ಲಿರುವುದು ದೇವರು ಮತ್ತು ಸೈತಾನ. ರೆಫೀಚೆಯ 'ಓಂಬ್ರಾ ದಿ ನೂಬೆ' ಒಪೆರಾದ ತುಣುಕೇ ಅಲ್ಲ, ಬಿಡಿ ಗೀತೆ. ಪುಚ್ಚೀನಿ ಇಲ್ಲಿ ಇಲ್ಲವೇ ಇಲ್ಲ. ಅವನಿಗಾಗಿ 2015ರಲ್ಲಿ ಬೇರೆ ಆಲ್ಬಮ್ ಬಂತು. ಇಟಲಿಯ ಒಪೆರಾದಲ್ಲಿ ಹಿರಿಯ ರಚನಕಾರ ವೆರ್ದಿಯ ನೆರಳಿನಾಚೆಗೆ ಏನೇನಿತ್ತು ಎಂಬುದರ ಮಾದರಿ ಸಂಚಿಕೆ ಎಂದುಕೊಂಡರೆ ಸರಿಹೋಗುತ್ತದೆ.

ಈ ಹಾಡುಗಳಿಗೂ ಗಾಢ ಕಂಠಕ್ಕೂ ನಂಟು ಹೇಗೆ? ಹಳೆಯ ಟೆನರ್ ಪಾತ್ರಗಳ ಹೆಗ್ಗಳಿಕೆ ತುತ್ತತುದಿಯ 'ಸಿ' ಸ್ವರ, ಅಂದರೆ ಸುಮಾರು 523 ಹರ್ಟ್ಸ್. ಈ ಸಂಗ್ರಹದ ಪ್ರಸಿದ್ಧ ಆರಿಯಾಗಳಲ್ಲಿ ಅದರ ಹಂಗೇ ಇಲ್ಲ. 'ಪಲ್ಯಾಚ್ಚಿ'ಯ ಆರಿಯಾ 440 ಹರ್ಟ್ಸ್‌ನ 'ಎ' ಸ್ವರಕ್ಕೆ ನಿಲ್ಲುತ್ತದೆ. 'ಕವಾಲ್ಲೆರಿಯಾ'ದ್ದು ಅದಕ್ಕಿಂತ ಅರ್ಧ ಸ್ವರ ಮೇಲೆ. ಭಾರವೆಲ್ಲ ಬೀಳುವುದು ಅದಕ್ಕೂ ಸ್ವಲ್ಪ ಕೆಳಗೆ, ನಡು 'ಸಿ'ಯ ಮೇಲಿನ ಇ, ಎಫ್, ಜಿ ಸ್ವರಗಳ ಸುತ್ತ. ಟೆನರ್‌ನ ದನಿ ಎದೆಯಿಂದ ತಲೆಗೆ ದಾಟುವ ಇಕ್ಕಟ್ಟಿನ ಹೊಸ್ತಿಲು ಅದು. ಆ ಹೊಸ್ತಿಲ ಮೇಲೆಯೇ ನಿಲ್ಲಿಸಿ ಅಳು, ಕೂಗು, ಬೈಗುಳ ಎಲ್ಲವನ್ನೂ ಹಾಡಿಸುತ್ತಾರೆ ಈ ರಚನಕಾರರು. ನಡುಸ್ಥಾಯಿಯಲ್ಲಿ ತೂಕವಿರುವ ಕಂಠಕ್ಕೆ ಇಲ್ಲಿ ಸಹಜವಾಗಿ ಅನುಕೂಲ ಹೆಚ್ಚು.

ಸಾಹಿತ್ಯ ಮೊದಲು, ದನಿ ಆಮೇಲೆ

ಪ್ರತಿ ಆರಿಯಾಕ್ಕೂ ಮೊದಲು ಮೂರು ಸಂಗತಿ ತಿಳಿದುಕೊಳ್ಳಿ: ಹಾಡುವವನು ಯಾರು, ಎದುರಿಗೆ ಯಾರಿದ್ದಾರೆ, ಹಾಡು ಮುಗಿದ ಮೇಲೆ ಏನಾಗುತ್ತದೆ. ಸಾಲು ಸಾಲಿಗೂ ಅರ್ಥ ಬೇಡ, ಆದರೆ ಮೂಲದ ಇಟಾಲಿಯನ್ ಸಾಲುಗಳನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ಇಟಾಲಿಯನ್ ಪದಗಳು ಕನ್ನಡದ ಪದಗಳಂತೆ ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ಒತ್ತಕ್ಷರಗಳನ್ನು ಒತ್ತಿಯೇ ಹೇಳಬೇಕು. ಕೇಳುತ್ತಾ ಓದುವುದು ನಿಮಗೆ ಬೇಗ ಹಿಡಿತಕ್ಕೆ ಬರುತ್ತದೆ.

ಮೊದಲ ಪಾಠ: ಕಾನಿಯೊ

'ಪಲ್ಯಾಚ್ಚಿ'ಯ 'ವೆಸ್ತಿ ಲಾ ಜ್ಯೂಬ್ಬಾ'ದಿಂದ ಶುರು ಮಾಡಿ. ಕಾನಿಯೊ ಸಂಚಾರಿ ನಾಟಕ ತಂಡದ ಯಜಮಾನ. ಹೆಂಡತಿಗೆ ಬೇರೊಬ್ಬನ ಸಂಬಂಧ ಇರುವುದು ಈಗಷ್ಟೇ ಗೊತ್ತಾಗಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಪ್ರದರ್ಶನ. ಅವನು ವಿದೂಷಕನ ವೇಷ ತೊಡಬೇಕು, ಮುಖಕ್ಕೆ ಹಿಟ್ಟು ಬಳಿದುಕೊಳ್ಳಬೇಕು. ಜನ ದುಡ್ಡು ಕೊಟ್ಟಿದ್ದಾರೆ, ನಗಬೇಕೆಂದು ಬಂದಿದ್ದಾರೆ. ನಾಟಕದೊಳಗಿನ ನಾಟಕದಲ್ಲೇ ಅವನು ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಲ್ಲಲಿದ್ದಾನೆ.

ಮೊದಲ ಸಲ ಕೇಳುವಾಗ ಆರಂಭದ ಮಾತಿನಂಥ ಭಾಗವನ್ನು ಮಾತ್ರ ಗಮನಿಸಿ. ಇದು ರಾಗಕ್ಕೆ ಮೊದಲಿನ ವಾಚಿಕ. ಈ ಹುಚ್ಚಿನಲ್ಲಿ ನಟಿಸುವುದೇ, ನೀನೇನು ಮನುಷ್ಯನೇ, ನೀನು ವಿದೂಷಕ ಎಂದು ತನ್ನನ್ನು ತಾನೇ ಜರಿದುಕೊಳ್ಳುವ ಜಾಗ. ತೆಳು ದನಿಯ ಟೆನರ್ ಇಲ್ಲಿ ಹರೆಯದ ಹುಡುಗನಂತೆ ಕೇಳಿಸುವ ಅಪಾಯವಿದೆ. ಕೌಫ್‌ಮನ್ ಅವರ ಬಣ್ಣ ಕಾನಿಯೊಗೆ ವಯಸ್ಸು ಕೊಡುತ್ತದೆ. ಹೆಂಡತಿಗಿಂತ ತುಂಬ ದೊಡ್ಡವನು, ಅವಳನ್ನು ಕಳೆದುಕೊಂಡರೆ ಇನ್ನೊಂದು ಬದುಕು ಕಟ್ಟಿಕೊಳ್ಳಲಾರದವನು ಎಂಬುದು ಒಂದು ಪದ ಅರ್ಥವಾಗದಿದ್ದರೂ ತಿಳಿಯುತ್ತದೆ. ಗಾಢತೆ ಪಾತ್ರಕ್ಕೆ ದುಡಿಯುವುದು ಎಂದರೆ ಇದು.

ಎರಡನೆಯ ಸಲ, ರಾಗ ಏರಿ 'ರೀದಿ, ಪಲ್ಯಾಚ್ಚೊ', ನಗು ವಿದೂಷಕಾ ಎಂಬಲ್ಲಿಗೆ ತಲಪುವ ಹಾದಿಯನ್ನು ಕೇಳಿ. ಎಲ್ಲರಿಗೂ ಗೊತ್ತಿರುವ ಸಾಲು ಇದು. ಆ 'ಎ' ಸ್ವರ ಎಷ್ಟು ಜೋರಾಗಿದೆ ಎಂದು ಅಳೆಯುವ ಬದಲು, ಅದಕ್ಕಿಂತ ಮೊದಲಿನ ಸಾಲುಗಳಲ್ಲಿ ಎಷ್ಟು ತಡೆದು ಹಿಡಿದಿದ್ದಾರೆ ಎಂದು ನೋಡಿ. ಏರಿನಲ್ಲಿ ಬಣ್ಣ ಹೇಗೆ ಬದಲಾಗುತ್ತದೆ? ಕೆಳಗಿದ್ದ ಕಪ್ಪು ಮೇಲೆ ಹೋದಂತೆ ಲೋಹದ ಹೊಳಪಿಗೆ ತಿರುಗುವುದನ್ನು ಹಿಡಿಯಲು ಪ್ರಯತ್ನಿಸಿ.

ಮೂರನೆಯ ಸಲ ಕೊನೆಯನ್ನು ಕೇಳಿ. ಹಾಡು ಮುಗಿದ ಮೇಲೆ ಆರ್ಕೆಸ್ಟ್ರಾ ತಾನೊಂದೇ ನುಡಿಯುತ್ತದೆ. ಈ ಜಾಗದಲ್ಲಿ ಬಿಕ್ಕಿ ಬಿಕ್ಕಿ ಅಳುವುದು ಟೆನರ್‌ಗಳ ಹಳೆಯ ಚಟ. ಬಿಕ್ಕುವಿಕೆ ಎಷ್ಟಿರಬೇಕು ಎಂಬ ಬಗ್ಗೆ ಒಪೆರಾ ರಸಿಕರು ಜಗಳವಾಡುತ್ತಲೇ ಇರುತ್ತಾರೆ. ನನ್ನ ಮಟ್ಟಿಗೆ ಕಡಿಮೆಯಾದಷ್ಟೂ ಒಳ್ಳೆಯದು. ಅಳು ಆ ಸ್ವರಗಳೊಳಗೇ ಇದೆ, ಮೇಲಿಂದ ಹಚ್ಚಬೇಕಾಗಿಲ್ಲ.

ಎರಡನೆಯ ಪಾಠ: ತಾಯಿಗೆ ವಿದಾಯ

'ಮಾಮ್ಮಾ, ಕ್ವೆಲ್ ವೀನೊ ಎ ಜೆನೆರೋಜೊ'. 'ಕವಾಲ್ಲೆರಿಯಾ'ದ ನಾಯಕ ತುರಿದ್ದು ಚೂರಿ ಕಾಳಗಕ್ಕೆ ಹೊರಟಿದ್ದಾನೆ. ವೈನ್ ಸ್ವಲ್ಪ ಜಾಸ್ತಿಯಾಯಿತು, ಗಾಳಿಗೆ ಹೋಗಿ ಬರುತ್ತೇನೆ ಎಂದು ಅಮ್ಮನಿಗೆ ಸುಳ್ಳು ಹೇಳುತ್ತಾನೆ. ಅಮ್ಮ, ಆಶೀರ್ವಾದ ಮಾಡು. ನಾನು ಬಾರದಿದ್ದರೆ, ಮದುವೆಯಾಗುತ್ತೇನೆಂದು ಮಾತು ಕೊಟ್ಟ ಸಾಂತಾಳಿಗೆ ನೀನೇ ತಾಯಿಯಾಗು ಎಂದು ನಡುವೆ ಬಾಯಿ ಜಾರುತ್ತದೆ. ಸುಳ್ಳಿಗೆ ಒಂದು ದನಿ, ನಿಜಕ್ಕೆ ಇನ್ನೊಂದು ದನಿ. ಈ ಹಾಡಿನಲ್ಲಿ ಬೇರೇನೂ ಹುಡುಕಬೇಡಿ, ಈ ಎರಡು ದನಿಗಳ ನಡುವಿನ ಅದಲುಬದಲನ್ನು ಮಾತ್ರ ಹಿಂಬಾಲಿಸಿ. 2015ರಲ್ಲಿ ಸಾಲ್ಜ್‌ಬರ್ಗ್‌ನ ಈಸ್ಟರ್ ಉತ್ಸವದಲ್ಲಿ ಕೌಫ್‌ಮನ್ ತುರಿದ್ದು ಮತ್ತು ಕಾನಿಯೊ ಎರಡೂ ಪಾತ್ರಗಳನ್ನು ಒಂದೇ ಸಂಜೆ ಹಾಡಿದರು. ಆ ಎರಡು ಪಾತ್ರಗಳ ನಡುವಿನ ವಯಸ್ಸಿನ ಅಂತರ ಐದು ವರ್ಷ ಮೊದಲಿನ ಈ ಆಲ್ಬಮ್ಮಿನಲ್ಲಿ ಎಷ್ಟು ಕಾಣುತ್ತದೆ ಎಂದು ಹೋಲಿಸಿ ನೋಡಿ.

ಮೂರನೆಯ ಪಾಠ: ಮೆಲುದನಿ

ಜೋರಾಗಿ ಹಾಡುವ ಗಾಢ ಟೆನರ್‌ಗಳು ಹಿಂದೆಯೂ ಇದ್ದರು. ಕೌಫ್‌ಮನ್ ಹೆಸರಾದದ್ದು ಅಂಥದೇ ಭಾರದ ಕಂಠವನ್ನು ಪಿಸುಮಾತಿನ ಅಂಚಿಗೆ ತಂದು ನಿಲ್ಲಿಸಬಲ್ಲರು ಎಂಬ ಕಾರಣಕ್ಕೆ. ಒಂದೇ ಸ್ವರವನ್ನು ಮೆಲ್ಲಗೆ ಎತ್ತಿಕೊಂಡು ತುಂಬಿಸಿ ಮತ್ತೆ ಮೆಲ್ಲಗೆ ಇಳಿಸುವುದು ಗಾಯನದ ಅತಿ ಕಷ್ಟದ ಕಸರತ್ತುಗಳಲ್ಲಿ ಒಂದು. ಹಗುರ ಕಂಠಕ್ಕೇ ಅದು ಸುಲಭವಲ್ಲ. ತುಂಬಿದ ಎತ್ತಿನ ಗಾಡಿಯನ್ನು ಇಳಿಜಾರಿನಲ್ಲಿ ಸದ್ದಿಲ್ಲದೆ ಇಳಿಸಿದ ಹಾಗೆ, ಇಲ್ಲಿ ಶ್ರಮವೆಲ್ಲ ತಡೆಯುವುದರಲ್ಲಿದೆ.

ಇದಕ್ಕೆ ಎರಡು ಆರಿಯಾಗಳನ್ನು ಜೋಡಿಯಾಗಿ ಕೇಳಿ. ಒಂದು, ಚಿಲೇಯನ 'ಲಾರ್ಲೆಸಿಯಾನಾ'ದ ಫೆದೆರೀಕೊನ ಅಳಲು, 'ಎ ಲಾ ಸೋಲಿತಾ ಸ್ತೋರಿಯಾ'. ಹುಡುಗನೊಬ್ಬ ಕುರುಬನ ಕಥೆ ಹೇಳಲು ಹೋಗಿ ನಿದ್ದೆಹೋಗಿದ್ದಾನೆ. ನಿದ್ದೆಯಲ್ಲಿ ಮರೆವಿದೆ, ನನಗೂ ಹೀಗೆ ನಿದ್ದೆ ಬಂದಿದ್ದರೆ ಎಂದು ಪ್ರೇಮದಲ್ಲಿ ಸೋತ ಫೆದೆರೀಕೊ ಹಂಬಲಿಸುತ್ತಾನೆ. ಆರಂಭದ ಸಾಲುಗಳು ಹೆಚ್ಚು ಏರಿಳಿತವಿಲ್ಲದೆ ಒಂದೇ ಮಟ್ಟದಲ್ಲಿ ಸಾಗುತ್ತವೆ. ರಾಗ ಸಹಾಯಕ್ಕೆ ಬಾರದ ಕಡೆ ಬಣ್ಣವೇ ಎಲ್ಲ ಕೆಲಸ ಮಾಡಬೇಕು. ಇನ್ನೊಂದು, 'ಲಾ ಜ್ಯೊಕೊಂಡಾ'ದ 'ಚ್ಯೇಲೊ ಎ ಮಾರ್'. ಹಡಗಿನ ಮೇಲೆ ಒಬ್ಬನೇ ನಿಂತ ಎಂಜೊ ಪ್ರಿಯತಮೆಗಾಗಿ ಕಾಯುತ್ತಾ ಆಕಾಶ ಮತ್ತು ಕಡಲನ್ನು ನೋಡುತ್ತಿದ್ದಾನೆ. ಮೊದಲನೆಯವನಿಗೆ ಆಸೆಯೇ ಉಳಿದಿಲ್ಲ, ಎರಡನೆಯವನಿಗೆ ಆಸೆಯ ಹೊರತು ಬೇರೇನಿಲ್ಲ. ಮೆಲ್ಲಗೆ ಹಾಡಿದಾಗ ಎರಡೂ ಒಂದೇ ರೀತಿ ಕೇಳಿಸುತ್ತವೆಯೇ, ಬೇರೆಯಾಗಿ ಕೇಳಿಸುತ್ತವೆಯೇ?

ಕೆಲವು ವಿಮರ್ಶಕರಿಗೆ ಈ ಮೆಲುದನಿ ಹಿಡಿಸುವುದಿಲ್ಲ. ಅದರಲ್ಲಿ ಗಾಳಿ ಹೆಚ್ಚು, ನಾದ ಕಡಿಮೆ; ಮೈಕಿನ ಮುಂದೆ ಮುಲುಗುವ ಸಿನಿಮಾ ಗಾಯಕನ ಧಾಟಿ ಎನ್ನುತ್ತಾರೆ. ಆಕ್ಷೇಪದಲ್ಲಿ ಹುರುಳಿದೆಯೇ ಎಂದು ಪರೀಕ್ಷಿಸುವ ದಾರಿ ಇದು: ಮೆಲುದನಿಯಿಂದ ತುಂಬು ದನಿಗೆ ಅವರು ಹೋಗುವಾಗ ನಡುವೆ ಬಿರುಕು ಕೇಳಿಸುತ್ತದೆಯೇ ಗಮನಿಸಿ. ಬಿರುಕಿಲ್ಲದೆ ಒಂದೇ ಎಳೆಯಾಗಿ ಬೆಳೆದರೆ ಆ ಮೆಲುದನಿಗೆ ಉಸಿರಿನ ಆಧಾರವಿದೆ ಎಂದರ್ಥ. ಬಹುಪಾಲು ಕಡೆ ಅವರು ಈ ಪರೀಕ್ಷೆಯಲ್ಲಿ ಗೆಲ್ಲುತ್ತಾರೆ ಎಂಬುದು ನನ್ನ ತೀರ್ಪು. ಆದರೆ ಮೆಲುದನಿಗೆ ಇಳಿಯುವ ಚಾಳಿ ಆಲ್ಬಮ್ಮಿನ ಉತ್ತರಾರ್ಧದಲ್ಲಿ ಸ್ವಲ್ಪ ಅತಿಯಾಯಿತು ಎಂದೂ ಅನ್ನಿಸುತ್ತದೆ.

ಹೊಂದದ ಜಾಗ

ಜೋರ್ದಾನೊನ 'ಫೆದೋರಾ'ದ 'ಆಮೋರ್ ತಿ ವ್ಯೇತಾ' ಎರಡು ನಿಮಿಷವೂ ಇಲ್ಲದ ಹಾಡು. 1898ರಲ್ಲಿ ಮಿಲಾನ್‌ನಲ್ಲಿ ಇದನ್ನು ಮೊದಲು ಹಾಡಿದವರು ಆಗಿನ್ನೂ ಇಪ್ಪತ್ತೈದರ ಎನ್ರಿಕೊ ಕರೂಸೊ. ಪ್ರೀತಿಸದಿರಲು ಪ್ರೀತಿಯೇ ನಿನ್ನನ್ನು ಬಿಡುವುದಿಲ್ಲ ಎಂಬ ನೇರ, ಬಿಸಿಲಿನಂಥ ಮಾತು. ಇದಕ್ಕೆ ಕತ್ತಲು ಬೇಕಾಗಿಲ್ಲ. ಕೌಫ್‌ಮನ್ ಅವರ ಬಣ್ಣದಲ್ಲಿ ಇದನ್ನು ಹಾಡುವ ಪ್ರೇಮಿ ಲೋರಿಸ್ ಕೊನೆಯ ದುರಂತವನ್ನು ಈಗಾಗಲೇ ಕಂಡವನಂತೆ ಕೇಳಿಸುತ್ತಾನೆ. ಕಥೆಯಲ್ಲಿ ಆ ಕೊನೆ ಇನ್ನೂ ದೂರವಿದೆ.

ಉಚ್ಚಾರದ ತಕರಾರನ್ನೂ ಇಲ್ಲೇ ಪರಿಶೀಲಿಸಬಹುದು. ದನಿಯನ್ನು ಗಾಢವಾಗಿ ಇಟ್ಟುಕೊಂಡಾಗ ಸ್ವರಾಕ್ಷರಗಳು ದುಂಡಾಗುತ್ತವೆ, 'ಆ' ಎಂಬುದು 'ಓ' ಕಡೆಗೆ ವಾಲುತ್ತದೆ. ಇಟಾಲಿಯನ್ ಗಾಯಕರ ತೆರೆದ 'ಆ' ಕೇಳಿದವರಿಗೆ ಇದು ಮುಚ್ಚಿದ ಬಾಗಿಲಿನ ಹಿಂದಿನ ದನಿಯಂತೆ ತೋರಬಹುದು. ಇದನ್ನು ದೋಷ ಎನ್ನುವುದೋ, ಆ ಬಣ್ಣಕ್ಕೆ ತೆರಬೇಕಾದ ಬೆಲೆ ಎನ್ನುವುದೋ ನಿಮ್ಮ ಕಿವಿಗೆ ಬಿಟ್ಟದ್ದು. ನನಗೆ ಕಾನಿಯೊನಲ್ಲಿ ಬಾಧಿಸುವುದಿಲ್ಲ, ಲೋರಿಸ್‌ನಲ್ಲಿ ಬಾಧಿಸುತ್ತದೆ.

ಎರಡು ಫೌಸ್ಟ್‌ಗಳು

ಇಡೀ ಆಲ್ಬಮ್ಮಿನಲ್ಲಿ ನಾನು ಹೆಚ್ಚು ಸಲ ಮರಳಿ ಹೋಗುವುದು 'ಮೆಫಿಸ್ತೊಫೆಲೆ'ಯ ಎರಡು ತುಣುಕುಗಳಿಗೆ. 'ದಾಯ್ ಕಾಂಪಿ, ದಾಯ್ ಪ್ರಾತಿ' ಕಥೆಯ ಆರಂಭದಲ್ಲಿ ಬರುತ್ತದೆ: ವಿದ್ವಾಂಸ ಫೌಸ್ಟ್ ಹೊಲಗದ್ದೆಗಳಲ್ಲಿ ಅಡ್ಡಾಡಿ ಶಾಂತ ಮನಸ್ಸಿನಿಂದ ಮನೆಗೆ ಮರಳಿದ್ದಾನೆ. 'ಜುಂತೊ ಸುಲ್ ಪಾಸ್ಸೊ ಎಸ್ತ್ರೇಮೊ' ಬರುವುದು ಕೊನೆಯಲ್ಲಿ: ಸೈತಾನನ ಜೊತೆ ಲೋಕವೆಲ್ಲ ಸುತ್ತಿ ಮುಗಿಸಿದ ಮುದುಕ ಫೌಸ್ಟ್ ಸಾವಿನ ಅಂಚಿನಲ್ಲಿ ಕುಳಿತು, ನಿಜವೂ ಕಂಡದ್ದಾಯಿತು, ಆದರ್ಶವೂ ಕಂಡದ್ದಾಯಿತು ಎಂದು ಲೆಕ್ಕ ಹಾಕುತ್ತಾನೆ.

ಬೊಯಿತೊ 1868ರಲ್ಲಿ ಮಿಲಾನ್‌ನಲ್ಲಿ ಈ ಒಪೆರಾವನ್ನು ಮೊದಲು ರಂಗಕ್ಕೆ ತಂದಾಗ ಅದು ಹೀನಾಯವಾಗಿ ಸೋತಿತು. ಆ ಮೊದಲ ರೂಪದಲ್ಲಿ ಫೌಸ್ಟ್ ಪಾತ್ರ ಬ್ಯಾರಿಟೋನ್‌ಗೆ ಬರೆದದ್ದು. 1875ರಲ್ಲಿ ಬೊಲೋನ್ಯಾದಲ್ಲಿ ಪರಿಷ್ಕರಿಸಿ ಆಡಿಸಿದಾಗ ಅದನ್ನು ಟೆನರ್‌ಗೆ ಬದಲಿಸಿದ, ಆಗ ಗೆದ್ದಿತು. ಬ್ಯಾರಿಟೋನ್‌ನ ನೆರಳಿರುವ ಟೆನರ್‌ಗೆ ಇದಕ್ಕಿಂತ ಒಪ್ಪುವ ಪಾತ್ರ ಸಿಗುವುದು ಕಷ್ಟ. ಎರಡು ತುಣುಕುಗಳನ್ನು ನಡುವೆ ಬಿಡುವಿಲ್ಲದೆ ಒಂದರ ಹಿಂದೆ ಒಂದು ಹಾಕಿ ಕೇಳಿ. ಇಡೀ ಬದುಕು ಆ ಎರಡರ ನಡುವೆ ಕಳೆದುಹೋಗಿದೆ. ಎರಡನೆಯದರಲ್ಲಿ ದನಿ ಹಣ್ಣಾಗಿದೆ, ದುಡುಕು ಇಲ್ಲ. ಆದರೆ ಮುದುಕನ ದನಿಯನ್ನು ಅನುಕರಿಸುವ ಅಗ್ಗದ ಉಪಾಯವೂ ಇಲ್ಲ.

ಗಾಯಕನನ್ನು ಬಿಟ್ಟು ಕೇಳಿ

ಒಂದು ದಿನ ಪಪ್ಪಾನೊ ಅವರಿಗಾಗಿ ಮೀಸಲಿಡಿ. ಬಹಳಷ್ಟು ಆರಿಯಾ ಸಂಗ್ರಹಗಳಲ್ಲಿ ಆರ್ಕೆಸ್ಟ್ರಾ ಕೇವಲ ಪಕ್ಕವಾದ್ಯ. ಪಪ್ಪಾನೊ ಆಗ ಲಂಡನ್ನಿನ ರಾಯಲ್ ಒಪೆರಾದ ಸಂಗೀತ ನಿರ್ದೇಶಕರೂ ಆಗಿದ್ದರು. ಗಾಯಕರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ಅವರಿಗೆ ಕರತಲಾಮಲಕ. 'ಆಂದ್ರೆಯಾ ಶೆನಿಯೇ' ತುಣುಕುಗಳಲ್ಲಿ ಗಾಯಕ ಬಾಯಿ ತೆರೆಯುವ ಮೊದಲೇ ಆರ್ಕೆಸ್ಟ್ರಾ ಮನಸ್ಥಿತಿಯನ್ನು ಹೇಗೆ ಹೇಳಿಬಿಡುತ್ತದೆ, ಸಾಲಿನ ಕೊನೆಯಲ್ಲಿ ಕಾಲಪ್ರಮಾಣ ಹೇಗೆ ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ ಎಂಬುದನ್ನು ಮಾತ್ರ ಹಿಂಬಾಲಿಸಿ.

ಹೋಲಿಕೆ: ಯಾರೊಂದಿಗೆ, ಎಷ್ಟು

ಈಗ, ಇದಕ್ಕೆ ಮೊದಲಲ್ಲ, ಬೇರೆ ಗಾಯಕರ ಕಡೆ ಹೋಗಿ. ಒಂದೇ ಆರಿಯಾವನ್ನು, ಅಂದರೆ 'ವೆಸ್ತಿ ಲಾ ಜ್ಯೂಬ್ಬಾ'ವನ್ನು ಮೂವರಲ್ಲಿ ಕೇಳಿದರೆ ಸಾಕು.

ಮೊದಲು ಕರೂಸೊ, ಆರ್ಕೆಸ್ಟ್ರಾ ಜೊತೆಗಿನ 1907ರ ಮುದ್ರಣ. ಆ ಕಾಲದಲ್ಲಿ ಮೈಕ್ ಇರಲಿಲ್ಲ, ಗಾಯಕ ದೊಡ್ಡ ಕಹಳೆಯೊಳಗೆ ಹಾಡಬೇಕಿತ್ತು. ಸದ್ದಿನ ಮೇಲ್ತುದಿ, ಕೆಳತುದಿ ಎರಡೂ ಕತ್ತರಿಸಿಹೋಗುತ್ತಿದ್ದವು. ಆದರೂ ಆ ಕಂಠದ ತಾಮ್ರದ ಬಣ್ಣ ಉಳಿದುಬಂದಿದೆ. ಕರೂಸೊ ಅವರನ್ನು ರೆಕಾರ್ಡಿಗೆ ತಂದವರು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್: 1902ರ ಏಪ್ರಿಲ್‌ನಲ್ಲಿ, ಮಿಲಾನ್‌ನ ಹೋಟೆಲ್ ಕೋಣೆಯೊಂದರಲ್ಲಿ, 100 ಪೌಂಡ್‌ಗೆ ಹತ್ತು ಹಾಡು. ಅದೇ ಗೈಸ್‌ಬರ್ಗ್ ಅದೇ ವರ್ಷದ ನವೆಂಬರ್‌ನಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಮುಂದೆ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್. ಇಬ್ಬರ ಹಳೆಯ ಮುದ್ರಣಗಳನ್ನೂ ಒಮ್ಮೆ ಕೇಳಿ. ಕಹಳೆಯ ಮಿತಿಗೆ ದನಿಯನ್ನು ಹೇಗೆ ಗುರಿಯಿಡಬೇಕು ಎಂಬುದನ್ನು ಇಬ್ಬರೂ ಬೇರೆ ಬೇರೆ ರೀತಿಯಲ್ಲಿ ಕಂಡುಕೊಂಡಿದ್ದಾರೆ.

ಎರಡನೆಯವರು ಸ್ವೀಡನ್ನಿನ ಯುಸ್ಸಿ ಬ್ಯೋರ್ಲಿಂಗ್, 1953ರ ಪೂರ್ಣ 'ಪಲ್ಯಾಚ್ಚಿ' ಮುದ್ರಣ. ಬೆಳ್ಳಿಯಂಥ ಪ್ರಕಾಶದ ಕಂಠ, ಕೌಫ್‌ಮನ್ ಅವರದಕ್ಕೆ ತೀರ ವಿರುದ್ಧ. ದುಃಖಕ್ಕೆ ಕಪ್ಪು ಬಣ್ಣವೇ ಬೇಕೆಂಬ ನಂಬಿಕೆ ಇಲ್ಲಿ ಅಲುಗಾಡುತ್ತದೆ. ಮೂರನೆಯವರು ಮಾರಿಯೊ ದೆಲ್ ಮೊನಾಕೊ. ಕಂಚಿನ ಕಂಠ ಎಂಬ ಮಾತು ಇವರಿಗಾಗಿಯೇ ಹುಟ್ಟಿದಂತಿದೆ. ಗಾಢವೂ ಹೌದು, ಪ್ರಚಂಡವೂ ಹೌದು, ಆದರೆ ಮೆಲುದನಿ ಎಂಬುದು ಅಪರೂಪ. ಅವರನ್ನು ಕೇಳಿದ ಮೇಲೆ ಮತ್ತೆ ಕೌಫ್‌ಮನ್‌ಗೆ ಬಂದರೆ, ಗಾಢತೆಯಲ್ಲೂ ಎರಡು ಜಾತಿಗಳಿವೆ ಎಂಬುದು ಸ್ಪಷ್ಟವಾಗುತ್ತದೆ.

ಕೊನೆಯ ಹೆಜ್ಜೆ: ಶೆನಿಯೇ

ಉಳಿದ ತುಣುಕುಗಳನ್ನು ನಿಮ್ಮಷ್ಟಕ್ಕೆ ಕೇಳಿಕೊಳ್ಳಬಹುದು. ಲಿಯೊನ್‌ಕವಾಲ್ಲೊನ 'ಲಾ ಬೊಹೆಮ್'ನ ಆರಿಯಾವನ್ನು ಮಾತ್ರ ಮರೆಯಬೇಡಿ. ಪುಚ್ಚೀನಿಯ ಅದೇ ಹೆಸರಿನ ಒಪೆರಾದ ಎದುರು ಸೋತುಹೋದ ಕೃತಿ ಅದು. ಅದರಲ್ಲಿ ಟೆನರ್ ಪಾತ್ರ ಕವಿ ರೊದೋಲ್ಫೊನದಲ್ಲ, ಚಿತ್ರಕಾರ ಮಾರ್ಚೆಲ್ಲೊನದು. 'ಆದ್ರಿಯಾನಾ ಲೆಕುವ್ರೂರ್'ನ 'ಲಾನಿಮಾ ಓ ಸ್ತಾಂಕಾ' ಚಿಕ್ಕದಾದರೂ ಪೂರ್ಣ.

ಕೊನೆಗೆ ಜೋರ್ದಾನೊನ 'ಆಂದ್ರೆಯಾ ಶೆನಿಯೇ'ಯ ಮೂರು ತುಣುಕುಗಳನ್ನು ಕಥೆಯ ಕ್ರಮದಲ್ಲಿ ಕೇಳಿ. ಒಂದು ಸಣ್ಣ ಒಪೆರಾವನ್ನೇ ಕೇಳಿದಂತಾಗುತ್ತದೆ. 'ಉನ್ ದಿ ಆಲ್ಲಾಜ್ಜುರ್ರೊ ಸ್ಪಾಜಿಯೊ': ಫ್ರೆಂಚ್ ಕ್ರಾಂತಿಯ ಹೊಸ್ತಿಲಲ್ಲಿ, ಶ್ರೀಮಂತರ ಕೂಟದಲ್ಲಿ ಪ್ರೇಮದ ಬಗ್ಗೆ ಹಗುರ ಮಾತಾಡಿದ ಮದ್ದಲೇನಾಳಿಗೆ ಕವಿ ಆಶುಕವಿತೆಯಲ್ಲಿ ಕೊಡುವ ಉತ್ತರ, ಚರ್ಚಿನವರನ್ನೂ ಸಿರಿವಂತರನ್ನೂ ಝಾಡಿಸುವ ಸಿಟ್ಟು. 'ಕೋಮೆ ಉನ್ ಬೆಲ್ ದಿ ದಿ ಮಾಜ್ಜೊ': ಸೆರೆಮನೆಯಲ್ಲಿ ಬರೆದ ಕೊನೆಯ ಕವಿತೆ. ನಿಜವಾದ ಆಂದ್ರೆ ಶೆನಿಯೇ 1794ರ ಜುಲೈ 25ರಂದು ಗಿಲೊಟಿನ್‌ಗೆ ತಲೆಕೊಟ್ಟ ಕವಿ. ಮೂರನೆಯದು 'ವಿಚೀನೊ ಆ ತೆ', ಆಲ್ಬಮ್ಮಿನ ಏಕೈಕ ಯುಗಳ. ಡಚ್ ಸೊಪ್ರಾನೊ (ಎತ್ತರದ ಹೆಣ್ಣುಕಂಠದ ಗಾಯಕಿ) ಎವಾ-ಮರಿಯಾ ವೆಸ್ಟ್‌ಬ್ರೂಕ್ ಜೊತೆಗೂಡಿದ್ದಾರೆ. ಇನ್ನೊಬ್ಬ ಕೈದಿಯ ಹೆಸರಿನಲ್ಲಿ ಸಾಯಲು ಮದ್ದಲೇನಾ ಸೆರೆಮನೆಗೆ ಬಂದಿದ್ದಾಳೆ. ಇಷ್ಟು ಹೊತ್ತು ಒಂಟಿಯಾಗಿ ಕೇಳಿದ ಕಂಠ ಹೆಣ್ಣುದನಿಯ ಪಕ್ಕದಲ್ಲಿ ನಿಂತಾಗ ಅದರ ಗಾಢತೆ ಮೊದಲ ಬಾರಿಗೆ ಅಳತೆಗೆ ಸಿಗುತ್ತದೆ.

ಇಲ್ಲಿಂದ ಮುಂದಕ್ಕೆ ಪೂರ್ಣ ಒಪೆರಾಕ್ಕೆ ಹೋಗಿ. 2015ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಒಪೆರಾದಲ್ಲಿ ಇದೇ ಮೂವರು, ಕೌಫ್‌ಮನ್, ವೆಸ್ಟ್‌ಬ್ರೂಕ್ ಮತ್ತು ಪಪ್ಪಾನೊ, 'ಆಂದ್ರೆಯಾ ಶೆನಿಯೇ'ಯನ್ನು ರಂಗದ ಮೇಲೆ ತಂದರು. ಅದರ ವಿಡಿಯೊ ಮುದ್ರಣ ಸಿಗುತ್ತದೆ. ಸ್ಟುಡಿಯೊದಲ್ಲಿ ಆ ಯುಗಳವನ್ನು ತಾಜಾ ಗಂಟಲಿನಲ್ಲಿ, ಬೇಕಾದಷ್ಟು ಸಲ ತಿದ್ದಿ ಹಾಡಬಹುದಿತ್ತು. ರಂಗದ ಮೇಲೆ ಅದು ನಾಲ್ಕು ಅಂಕಗಳ ದುಡಿಮೆಯ ಆಚೆಗೆ, ಸೆರೆಮನೆಯ ಆರಿಯಾ ಮುಗಿದ ಸ್ವಲ್ಪ ಹೊತ್ತಿಗೇ ಬರುತ್ತದೆ. ಅಲ್ಲಿ ಕೊನೆಯ ತಾರಸ್ವರಗಳ ಹೊತ್ತಿಗೆ ಬಣ್ಣದಲ್ಲಿ ಎಷ್ಟು ಉಳಿದಿದೆ ಎಂದು ನೋಡಿ, ಅದೇ ಜಾಗವನ್ನು ಆಲ್ಬಮ್ಮಿನಲ್ಲಿ ಇನ್ನೊಮ್ಮೆ ಕೇಳಿ.